ಪಂಜರದ ಹಕ್ಕಿಗೆ ಬಡಿಸುವ ಕೈ

ಹೆಸರುಗಳು ಕೆಲವೊಮ್ಮೆ ನಮ್ಮನ್ನು ದಾರಿ ತಪ್ಪಿಸುತ್ತವೆ. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಜೋಡಿಯ ಲೆಕ್ಕದಲ್ಲಿ ಮಾರಾಟವಾಗುವ ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಹಕ್ಕಿಗಳಲ್ಲಿ ಬಹುಪಾಲು ಲವ್ ಬರ್ಡ್‌ಗಳೇ ಅಲ್ಲ. ಅವು ಆಸ್ಟ್ರೇಲಿಯಾದ ಒಣ ಒಳನಾಡಿಗೆ ಸೇರಿದ ಬಜ್ರಿಗರ್ ಹಕ್ಕಿಗಳು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಅವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಕೊಂಡೊಯ್ದ. ಅಲ್ಲಿಂದ ಅವು ಲೋಕದ ಪಂಜರಗಳಿಗೆಲ್ಲ ಹರಡಿದವು. ಬೆನ್ನಿನ ಮೇಲೆ ಸಣ್ಣ ಕರಿಯ ಗೆರೆಗಳು ಹಾಗೂ ಉದ್ದನೆಯ ಬಾಲ ಇದ್ದರೆ ಅದು ಬಜ್ರಿಗರ್. ನಿಜವಾದ ಲವ್ ಬರ್ಡ್ ಆಫ್ರಿಕ ಖಂಡದ ಹಕ್ಕಿ. ಅದರಲ್ಲಿ ಒಟ್ಟು 9 ಜಾತಿಗಳಿದ್ದು, ಒಂದು ಮಾತ್ರ ಮಡಗಾಸ್ಕರ್ ದ್ವೀಪದ್ದು. ಗಿಡ್ಡ ಬಾಲ, ದುಂಡಗಿನ ಮೈ, ಮೈಗೆ ಹೋಲಿಸಿದರೆ ದೊಡ್ಡದೆನಿಸುವ ಗಟ್ಟಿ ಕೊಕ್ಕು ಅದರ ಲಕ್ಷಣ.

1836ರಲ್ಲಿ ಸೆಲ್ಬಿ ಎಂಬ ನಿಸರ್ಗತಜ್ಞ ಈ ಹಕ್ಕಿಗಳ ಕುಲಕ್ಕೆ ‘ಅಗಪೋರ್ನಿಸ್’ ಎಂದು ಹೆಸರಿಟ್ಟ. ಗುರುಮಠದಲ್ಲಿ ಗ್ರೀಕ್ ಭಾಷೆಯ ಪಾಠ ಕೇಳಿದ ನನ್ನಂಥವನಿಗೆ ಆ ಪದ ಕಂಡಾಕ್ಷಣ ಕಿವಿ ನೆಟ್ಟಗಾಗುತ್ತದೆ. ‘ಓರ್ನಿಸ್’ ಎಂದರೆ ಹಕ್ಕಿ. ‘ಅಗಾಪೆ’ಯನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ, ಶುಭಸಂದೇಶಗಳಲ್ಲಿಯೂ ಪೌಲರ ಪತ್ರಗಳಲ್ಲಿಯೂ ದೇವರ ಪ್ರೀತಿಗೆ ಬಳಕೆಯಾದ ಮಾತು ಅದು. ಜೋಡಿ ಹಕ್ಕಿಗಳು ಒತ್ತಾಗಿ ಕುಳಿತು ಒಂದರ ಗರಿಯನ್ನು ಇನ್ನೊಂದು ನೇವರಿಸುವುದನ್ನು ನೋಡಿ ಆ ಹೆಸರು ಹುಟ್ಟಿರಬೇಕು. ಪ್ರೀತಿಸಿದ್ದಕ್ಕೆ ಪ್ರತಿಯಾಗಿ ಏನನ್ನೂ ಬಯಸದ, ಪ್ರೀತಿಸಿದವರ ಒಳಿತನ್ನಷ್ಟೇ ಬಯಸುವ ಪ್ರೀತಿ ಅಗಾಪೆ ಎಂದು ನಮಗೆ ಕಲಿಸಿದ್ದರು. ಆ ಹೆಸರಿನ ಹಕ್ಕಿಯ ಊಟದ ಬಟ್ಟಲಿನ ಮುಂದೆ ಕುಳಿತಾಗ ಅದರ ಅರ್ಥ ನನಗೆ ಬೇರೆಯೇ ಬಗೆಯಲ್ಲಿ ಕಂಡಿತು.

ಭಟ್ಕಳಕ್ಕೆ ಅಂಟಿಕೊಂಡಿರುವ ಜಾಲಿಯಲ್ಲಿ ನನಗೆ ಪರಿಚಯದ ಮನೆಯೊಂದಿದೆ. ಈ ಕಡೆಯ ಅನೇಕ ಮನೆಗಳಂತೆ ಅಲ್ಲಿಯೂ ತಂದೆ ಕೊಲ್ಲಿ ದೇಶದಲ್ಲಿ ದುಡಿಯುತ್ತಾರೆ. ಮನೆಯಲ್ಲಿ ತಾಯಿ, ಅಜ್ಜಿ ಹಾಗೂ ಏಳನೆಯ ತರಗತಿಯ ಹುಡುಗ. ಕಳೆದ ಸಲ ರಜೆಯಲ್ಲಿ ಬಂದಿದ್ದ ತಂದೆ ಮಗನಿಗೆ ಒಂದು ಲವ್ ಬರ್ಡ್ ಕೊಡಿಸಿ ಹೋಗಿದ್ದರು. ನಿಜವಾದದ್ದೇ, ಹಸಿರು ಮೈ, ಕೆಂಪು ಮಿಶ್ರಿತ ಗುಲಾಬಿ ಮುಖ. ನಾನು ಹೋದ ದಿನ ಹುಡುಗ ಹೆಮ್ಮೆಯಿಂದ ಪಂಜರವನ್ನು ಜಗಲಿಗೆ ತಂದಿಟ್ಟ. ಬಟ್ಟಲಿನ ತುಂಬ ಸೂರ್ಯಕಾಂತಿ ಬೀಜ. ಹಕ್ಕಿಯ ಮೈ ತುಂಬಿತ್ತು, ಗರಿಗಳಲ್ಲಿ ಮಾತ್ರ ಹೊಳಪಿರಲಿಲ್ಲ. ಮೇಲಿನ ಕೊಕ್ಕು ಇರಬೇಕಾದುದಕ್ಕಿಂತ ಉದ್ದ ಬೆಳೆದಿತ್ತು.

“ಇದಕ್ಕೆ ಏನೇನು ಕೊಡುತ್ತೀ ಮಗೂ?” ಎಂದೆ.

ಅವನು ಬೆರಳು ಮಡಿಸುತ್ತ ಲೆಕ್ಕ ಹೇಳಿದ. ಸೂರ್ಯಕಾಂತಿ ಬೀಜ, ಬಿಸ್ಕತ್ತು, ಅಪ್ಪ ಕಳುಹಿಸಿದ ಉಪ್ಪು ಹಚ್ಚಿದ ಪಿಸ್ತಾ, ಬಾದಾಮಿ. ಕ್ರಿಸ್ಮಸ್ಸಿನಲ್ಲಿ ಕುಸ್ವಾರದ ತಟ್ಟೆಯಿಂದ ಅದಕ್ಕೂ ಪಾಲು ಸಿಕ್ಕಿತ್ತಂತೆ. ಒಳಗಿನಿಂದ ಬಂದ ಅಜ್ಜಿ ಮಾತು ಸೇರಿಸಿದರು: “ನಾವು ತಿನ್ನದಿದ್ದರೂ ಅದಕ್ಕೆ ಕಡಿಮೆ ಮಾಡಿಲ್ಲ ಫಾದರ್. ನವಣೆ ಹಾಕಿದರೆ ಕೆದರಿ ಬಿಸಾಡುತ್ತದೆ. ಈ ಬೀಜ ಕಂಡರೆ ಮಾತ್ರ ಓಡಿ ಬರುತ್ತದೆ. ನನಗೆ ಸಕ್ಕರೆ ಕಾಯಿಲೆ, ಆದರೂ ನಾಲಿಗೆಗೆ ಸಿಹಿಯೇ ಬೇಕು. ಹಾಗೆಯೇ ಇದೂ.” ಹೇಳಿ ತಾವೇ ನಕ್ಕರು. ಆ ಮನೆಯಲ್ಲಿ ನಾನು ಆಡಬೇಕಾಗಿದ್ದ ಮಾತಿನ ಅರ್ಧವನ್ನು ಅವರೇ ಆಡಿದ್ದರು.

ಪರ್ವತ ಪ್ರಸಂಗದಲ್ಲಿ ಪ್ರಭು ತೋರಿಸಿದ್ದು ಆಕಾಶದ ಹಕ್ಕಿಗಳನ್ನು. ಹಾರುವ ಹಕ್ಕಿ ತನ್ನ ಊಟವನ್ನು ತಾನೇ ಸರಿತೂಗಿಸಿಕೊಳ್ಳುತ್ತದೆ. ಗುಲಾಬಿ ಮುಖದ ಲವ್ ಬರ್ಡ್‌ನ ತವರು ನಮೀಬಿಯಾ ಮತ್ತು ಅದರ ನೆರೆಯ ಒಣ ಸೀಮೆ. ಅಲ್ಲಿ ಅದು ಹುಲ್ಲಿನ ಬೀಜ, ಕಾಡುಹಣ್ಣು, ಹೂವು, ಎಲೆಗಳನ್ನು ಹುಡುಕಿ ತಿನ್ನುತ್ತದೆ. ಜಾಲಿಯ ಜಾತಿಯ ಮರಗಳ ಬೀಜವೂ ಅದರ ಆಹಾರದಲ್ಲಿ ಸೇರಿದೆ. ಜಾಲಿ ಎಂಬ ಊರಿನಲ್ಲಿ ಕುಳಿತು ಇದನ್ನು ಹುಡುಗನಿಗೆ ಹೇಳಿದಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನೀರಿಗಾಗಿ, ಕಾಳಿಗಾಗಿ ದಿನವಿಡೀ ಹಾರುವ ಹಕ್ಕಿಗೆ ಸಿಕ್ಕ ಕೊಬ್ಬು ರೆಕ್ಕೆಯಲ್ಲೇ ಕರಗುತ್ತದೆ. ಪಂಜರದೊಳಗೆ ಹಾರಾಟವಿಲ್ಲ, ಹುಡುಕಾಟವೂ ಇಲ್ಲ. ಅಲ್ಲಿ ಹಕ್ಕಿಗೆ ಇರುವುದು ನಮ್ಮ ಕೈ ಒಂದೇ. ನಾವು ಏನನ್ನು ಬಲ್ಲೆವೋ ಅಷ್ಟನ್ನೇ ಅದು ಉಣ್ಣಬೇಕು.

ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬೇ. ನವಣೆಯಲ್ಲಿ ಅದು ನೂರಕ್ಕೆ ನಾಲ್ಕರ ಆಸುಪಾಸು. ಬರೀ ಕಾಳು ತಿಂದು ಬದುಕುವ ಹಕ್ಕಿಗೆ, ಅದು ಯಾವ ಕಾಳೇ ಆಗಲಿ, ‘ಎ’ ಜೀವಸತ್ವ ಸಿಗುವುದಿಲ್ಲ; ಸುಣ್ಣದ ಅಂಶವೂ ಸಾಲದು. ‘ಎ’ ಜೀವಸತ್ವ ಕಡಿಮೆಯಾದಾಗ ಮೂಗು, ಬಾಯಿ, ಗಂಟಲಿನ ಒಳಪದರ ದಪ್ಪಗಾಗಿ ಸೋಂಕು ಸುಲಭವಾಗಿ ಹತ್ತುತ್ತದೆ. ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡರೆ ಕೊಕ್ಕು ಮಿತಿಮೀರಿ ಬೆಳೆಯುವುದುಂಟು. ಹೆಣ್ಣು ಹಕ್ಕಿ ಗಂಡಿನ ಜೊತೆ ಇಲ್ಲದಿದ್ದರೂ ಮೊಟ್ಟೆ ಇಡಬಲ್ಲದು. ಆಗ ಮೈಯಲ್ಲಿ ಸುಣ್ಣದ ಅಂಶವಿಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೇ ಕುತ್ತು. ಇದಾವುದೂ ಹೊರಗಿನಿಂದ ಬೇಗ ಕಾಣುವುದಿಲ್ಲ. ಬೇಟೆಗೆ ಗುರಿಯಾಗುವ ಸಣ್ಣ ಜೀವಿಗಳು ತಮ್ಮ ನೋವನ್ನು ಕೊನೆಯವರೆಗೂ ಮರೆಮಾಡುತ್ತವೆ.

ಪರಿಚಯದ ಪಶುವೈದ್ಯರೊಬ್ಬರಿಗೆ ಫೋನಿನಲ್ಲಿ ಚಿತ್ರ ಕಳುಹಿಸಿ ಕೇಳಿದೆವು. ಹಕ್ಕಿಯನ್ನು ತರುವಂತೆ ಹೇಳಿದ ಅವರು, ಮೊದಲು ತೂಕ ನೋಡಿ ಎಂದರು. ಮನೆಯಲ್ಲಿದ್ದ ತಕ್ಕಡಿ ಅಕ್ಕಿ ತೂಗುವಂಥದು. ಕೊನೆಗೆ ತಾಯಿ ಮತ್ತು ಮಗ ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪರಿಚಯದ ಅಕ್ಕಸಾಲಿಗರ ಬಳಿ ಕೊಂಡೊಯ್ದು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿಸಿದರು. ಪೆಟ್ಟಿಗೆಯ ತೂಕ ಕಳೆದು 67 ಗ್ರಾಂ. ಈ ಜಾತಿಯ ಹಕ್ಕಿ ಸಾಮಾನ್ಯವಾಗಿ ಐವತ್ತರಿಂದ ಅರವತ್ತು ಗ್ರಾಂ ತೂಗುತ್ತದೆ. ಮನುಷ್ಯರ ಲೆಕ್ಕಕ್ಕೆ ಬಂದರೆ, ಅರವತ್ತು ಕಿಲೋ ಇರಬೇಕಾದವರು ಎಪ್ಪತ್ತು ದಾಟಿದಂತೆ. ಪರೀಕ್ಷಿಸಿದ ವೈದ್ಯರು ಕೊಕ್ಕಿನ ತುದಿಯನ್ನು ಕತ್ತರಿಸಿ ಸರಿಪಡಿಸಿ, ಯಕೃತ್ತು ಬಳಲಿದೆ, ಊಟ ಬದಲಿಸದೆ ಬೇರೆ ಮದ್ದಿಲ್ಲ ಎಂದರು.

ಹಕ್ಕಿಯ ಹಟ ನಮ್ಮ ಹಟಕ್ಕಿಂತ ದೊಡ್ಡದು. ರೂಢಿಯ ಬೀಜವನ್ನು ಒಮ್ಮೆಲೇ ನಿಲ್ಲಿಸಿದರೆ ಅದು ಹೊಸದನ್ನು ಆಹಾರವೆಂದು ಗುರುತಿಸದೆ ಉಪವಾಸ ಬಿದ್ದು ಸತ್ತೀತು. ಆದ್ದರಿಂದ ಬದಲಾವಣೆ ವಾರಗಟ್ಟಲೆ ನಡೆಯಬೇಕು. ಪ್ರತಿದಿನ ಬೆಳಿಗ್ಗೆ ತೂಕ ನೋಡಬೇಕು, ಹಿಕ್ಕೆ ಕಡಿಮೆಯಾಗಿದೆಯೇ ಎಂದು ಗಮನಿಸಬೇಕು. ಇನ್ನೊಂದು ಮೋಸವುಂಟು. ಈ ಹಕ್ಕಿಗಳು ಕಾಳಿನ ಸಿಪ್ಪೆ ಸುಲಿದು ತಿರುಳನ್ನಷ್ಟೇ ತಿನ್ನುತ್ತವೆ, ಸಿಪ್ಪೆ ಬಟ್ಟಲಿನಲ್ಲೇ ಉಳಿಯುತ್ತದೆ. ದೂರದಿಂದ ನೋಡಿದವರಿಗೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ತುಂಬಿದ ಬಟ್ಟಲಿನ ಮುಂದೆ ಹಸಿದು ಸತ್ತ ಹಕ್ಕಿಗಳಿವೆ. ದಿನಕ್ಕೊಮ್ಮೆ ಸಿಪ್ಪೆಯನ್ನು ಊದಿ ತೆಗೆಯುವುದು ಒಂದು ನಿಮಿಷದ ಕೆಲಸ.

ನವಣೆ, ಸಾಮೆಗಳನ್ನು ಮುಖ್ಯ ಕಾಳಾಗಿಟ್ಟು ಸೂರ್ಯಕಾಂತಿಯನ್ನು ದಿನಕ್ಕೆ ಎರಡು ಮೂರು ಬೀಜಕ್ಕೆ ಇಳಿಸುತ್ತ ಬಂದರು. ಆ ಬೀಜಗಳನ್ನೂ ಹುಡುಗ ಕೈಯಿಂದಲೇ ಕೊಡುತ್ತಿದ್ದ. (ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ಅಜ್ಜಿಯ ವೈದ್ಯರೂ ಅವರಿಗೆ ನವಣೆಯನ್ನೇ ಹೇಳಿದ್ದರಂತೆ. ಒಂದೇ ಡಬ್ಬಿಯಿಂದ ಇಬ್ಬರಿಗೂ ಸಾಗಿತು.) ಹಿತ್ತಿಲಿನ ನುಗ್ಗೆಸೊಪ್ಪಿಗಿಂತ ಒಳ್ಳೆಯ ಸೊಪ್ಪು ನನಗೆ ತಿಳಿದಂತೆ ಇನ್ನೊಂದಿಲ್ಲ, ‘ಎ’ ಜೀವಸತ್ವಕ್ಕೆ ಬೇಕಾದ ಅಂಶವೂ ಸುಣ್ಣವೂ ಅದರಲ್ಲಿ ಧಾರಾಳ. ಬಸಳೆ, ಕೆಂಪು ಹರಿವೆ ಆಗೊಮ್ಮೆ ಈಗೊಮ್ಮೆ ಸಾಕು, ಅವುಗಳಲ್ಲಿರುವ ಆಮ್ಲ ಸುಣ್ಣವನ್ನು ಮೈಗೆ ಹತ್ತಗೊಡುವುದಿಲ್ಲ. ತುರಿದ ಕ್ಯಾರೆಟ್, ಸಿಹಿಗುಂಬಳ, ಪಪ್ಪಾಯಿ, ಪೇರಳೆಯ ಚೂರು, ಮೊಳಕೆ ಬಂದ ಹೆಸರುಕಾಳು, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಸ್ವಲ್ಪ ಭಾಗ. ಪೇಟೆಯಿಂದ ತಂದ ಸೊಪ್ಪಾದರೆ ಚೆನ್ನಾಗಿ ತೊಳೆಯಬೇಕು. ನಮ್ಮ ಸೆಕೆಯಲ್ಲಿ ಹಸಿ ಪದಾರ್ಥ ಬೇಗ ಹಳಸುತ್ತದೆ. ಎರಡು ಮೂರು ಗಂಟೆಯಲ್ಲಿ ಅದನ್ನು ಎತ್ತಿಬಿಡಬೇಕು.

ಸುಣ್ಣದ ಅಂಶಕ್ಕೆ ಜಾಲಿಯವರು ಎಲ್ಲಿಗೂ ಹೋಗಬೇಕಾಗಿಲ್ಲ. ಅಲೆಗಳು ತಂದು ಹಾಕುವ, ನಮ್ಮ ಹಿರಿಯರು ಸಮುದ್ರ ನೊರೆ ಎನ್ನುತ್ತಿದ್ದ ಬಿಳಿಯ ಹಗುರವಾದ ಹಲಗೆಯಂಥ ವಸ್ತುವನ್ನು ಮರಳಿನ ಮೇಲೆ ನೀವೂ ಕಂಡಿರುತ್ತೀರಿ. ಹೆಸರು ನೊರೆಯಾದರೂ ಅದು ಬೊಂಡಾಸದ ಬಳಗಕ್ಕೆ ಸೇರಿದ ಜೀವಿಯ ಒಳಚಿಪ್ಪು. ನಗರದ ಅಂಗಡಿಗಳಲ್ಲಿ ಅದನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿ ಹಕ್ಕಿಗಳಿಗೆಂದೇ ಮಾರುತ್ತಾರೆ. ಹುಡುಗ ಕಡಲತೀರದಿಂದ ನಾಲ್ಕು ಆರಿಸಿ ತಂದ. ದಿನವೂ ನೀರು ಬದಲಿಸುತ್ತ ಒಂದು ವಾರ ಸಿಹಿನೀರಿನಲ್ಲಿ ನೆನೆಸಿ, ಉಪ್ಪು ತೆಗೆದು, ಬಿಸಿಲಿನಲ್ಲಿ ಒಣಗಿಸಿ ಪಂಜರದ ಸರಳಿಗೆ ಕಟ್ಟಿದ. ಬೆಳಗಿನ ಎಳೆ ಬಿಸಿಲೂ ಹಕ್ಕಿಗೆ ಬೇಕು, ಸುಣ್ಣ ಮೈಗೆ ಹತ್ತುವುದು ಅದರಿಂದ. ಕಿಟಕಿಯ ಗಾಜಿನ ಒಳಗಿನ ಬಿಸಿಲು ಅದಕ್ಕೆ ಉಪಯೋಗಕ್ಕೆ ಬಾರದು. ಜಗಲಿಯಲ್ಲಿ ಅರ್ಧ ಪಂಜರಕ್ಕೆ ನೆರಳಿರುವಂತೆ ಇಡಬೇಕು, ಬೆಕ್ಕಿನ ಕಡೆ ಕಣ್ಣಿರಬೇಕು.

ಕೊಡಲೇಬಾರದ ಪದಾರ್ಥಗಳೂ ಇವೆ. ಬೆಣ್ಣೆಹಣ್ಣು ಮನುಷ್ಯರಿಗೆ ಪುಷ್ಟಿ, ಈ ಹಕ್ಕಿಗಳಿಗೆ ವಿಷ. ಚಾಕೊಲೇಟ್, ಕಾಫಿ, ಚಹಾ, ಮದ್ಯ ಬೆರೆಸಿದ ಕ್ರಿಸ್ಮಸ್ ಕೇಕು, ಈರುಳ್ಳಿ, ಉಪ್ಪಿನ ತಿಂಡಿ ಯಾವುದೂ ಸಲ್ಲದು. ಊಟಕ್ಕೆ ನೇರವಾಗಿ ಸೇರದಿದ್ದರೂ ಹೇಳಬೇಕಾದ ಮಾತೊಂದಿದೆ: ಅಂಟದ ಲೇಪದ ಕಾವಲಿ ಒಲೆಯ ಮೇಲೆ ಖಾಲಿ ಕಾದು ಹೊಗೆ ಎದ್ದರೆ ಪಕ್ಕದಲ್ಲಿರುವ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಪಂಜರ ಅಡುಗೆಮನೆಯಲ್ಲಿ ಇರಕೂಡದು.

ಮೊದಲ ಹತ್ತು ದಿನ ಹಕ್ಕಿ ನುಗ್ಗೆಸೊಪ್ಪನ್ನು ಮುಟ್ಟಲಿಲ್ಲ. ಸೂರ್ಯಕಾಂತಿ ಕಡಿಮೆಯಾದದ್ದಕ್ಕೆ ಬೆಳಿಗ್ಗೆ ಎದ್ದು ಕಿರುಚುತ್ತಿತ್ತು. ಹುಡುಗ ನನ್ನನ್ನು ನಿಲ್ಲಿಸಿ ಕೇಳಿದ: “ಫಾದರ್, ಅದಕ್ಕೆ ಇಷ್ಟ ಇರುವುದನ್ನು ನಾನು ಕೊಡದಿದ್ದರೆ ಅದಕ್ಕೆ ನನ್ನ ಮೇಲೆ ಪ್ರೀತಿ ಹೋಗುವುದಿಲ್ಲವೇ?” ದೇವಶಾಸ್ತ್ರದ ತರಗತಿಯಲ್ಲಿ ಇಂಥ ಪ್ರಶ್ನೆಗೆ ಇಡೀ ಒಂದು ಅವಧಿ ಮೀಸಲಾಗುತ್ತಿತ್ತು. “ಸ್ವಲ್ಪ ದಿನ ಹೋಗಬಹುದು ಮಗೂ” ಎಂದೆ. ಅದು ಅವನಿಗೆ ಹಿಡಿಸಲಿಲ್ಲ. ಆದರೂ ಬೀಜದ ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡಿ ಎಂದನಂತೆ.

ಹಕ್ಕಿಯನ್ನು ಗೆದ್ದದ್ದು ಅಜ್ಜಿ. ಇವು ಗುಂಪಿನಲ್ಲಿ ಉಣ್ಣುವ ಜೀವಿಗಳು. ಜೊತೆಯವರು ತಿನ್ನುವುದನ್ನು ಕಂಡು ತಾವೂ ರುಚಿ ನೋಡುತ್ತವೆ. ಅಜ್ಜಿ ದಿನವೂ ಬೆಳಿಗ್ಗೆ ಪಂಜರದ ಪಕ್ಕ ಕುಳಿತು ಸೊಪ್ಪು ಬಿಡಿಸುತ್ತ, ನಡುನಡುವೆ ಒಂದೆರಡು ಎಲೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಒದ್ದೆ ಕಡ್ಡಿಯೊಂದನ್ನು ಸರಳಿಗೆ ಸಿಕ್ಕಿಸಿದಾಗ ಹಕ್ಕಿ ಬಂದು ಅದರಲ್ಲಿ ಮೈ ಉಜ್ಜಿಕೊಂಡು ಸ್ನಾನ ಮಾಡಿತು, ಆಮೇಲೆ ಒಂದು ಎಲೆಯನ್ನು ಹರಿದು ಉಗುಳಿತು, ಇನ್ನೊಂದನ್ನು ತಿಂದಿತು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬದ ಹೊತ್ತಿಗೆ ತೂಕ 61 ಗ್ರಾಂಗೆ ಇಳಿದಿತ್ತು. ಆ ದಿನ ಆಶೀರ್ವಾದಕ್ಕೆ ತಂದ ಹೊಸ ತೆನೆಗಳಲ್ಲಿ ಉಳಿದ ಒಂದನ್ನು ಹುಡುಗ ಪಂಜರಕ್ಕೆ ಕಟ್ಟಿದ. ಹಾಲುಗಟ್ಟಿದ ಎಳೆಕಾಳನ್ನು ಅದು ಒಂದೊಂದಾಗಿ ಬಿಡಿಸಿ ತಿನ್ನುತ್ತಿದ್ದುದನ್ನು ಮನೆಯವರೆಲ್ಲ ನಿಂತು ನೋಡಿದರಂತೆ.

ಎಲ್ಲವೂ ಸರಿಹೋಗಿದೆ ಎನ್ನಲಾರೆ. ಕೊಕ್ಕು ಈಗಲೂ ಬೇಗ ಬೆಳೆಯುತ್ತದೆ, ಕೆಲವು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಒಯ್ಯಬೇಕು. ಒಮ್ಮೆ ಹಾಳಾದ ಯಕೃತ್ತು ಪೂರ್ತಿ ಮೊದಲಿನಂತಾಗುವುದು ಕಷ್ಟ. ಮಳೆಗಾಲವೂ ಒಂದು ಪರೀಕ್ಷೆಯೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಗೋಣಿಚೀಲದ ಕಾಳಿಗೆ ಬೂಷ್ಟು ಹಿಡಿಯಲು ಎರಡು ದಿನ ಸಾಕು, ಆ ಬೂಷ್ಟಿನ ವಿಷ ನೇರವಾಗಿ ಯಕೃತ್ತಿಗೇ ಎರಗುತ್ತದೆ. ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತಂದು, ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವಂತೆ ಹೇಳಿದ್ದೇನೆ. ವಾಸನೆ ಬಂದ ಕಾಳನ್ನು ಉಳಿತಾಯವೆಂದು ಹಕ್ಕಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಡಿಸೆಂಬರಿನಲ್ಲಿ ತಂದೆ ರಜೆಗೆ ಬರುವವರಿದ್ದರು. ಹಕ್ಕಿಗೆ ಈ ಸಲ ದೊಡ್ಡ ಪೊಟ್ಟಣದ ಪಿಸ್ತಾ ತರುತ್ತೇನೆ ಎಂದು ಅವರು ಫೋನಿನಲ್ಲಿ ಹೇಳಿದಾಗ ಹುಡುಗ ಬೇಡ ಅಪ್ಪಾ ಎಂದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ದೂರದಲ್ಲಿರುವ ತಂದೆಗೆ ಕಳುಹಿಸಲು ಇರುವುದು ಪೊಟ್ಟಣಗಳೇ, ಬೇಡವೆಂದರೆ ನೋವಾಗುತ್ತದೆ. ಹಾಗಾದರೆ ಏನು ತರಲಿ ಎಂದು ಕೇಳಿದರಂತೆ. ಒಂದು ಗ್ರಾಂವರೆಗೂ ತೋರಿಸುವ ತಕ್ಕಡಿ ತನ್ನಿ, ಪ್ರತಿ ಸಲ ಚಿನ್ನದ ಅಂಗಡಿಗೆ ಹೋಗಲು ನಾಚಿಕೆಯಾಗುತ್ತದೆ ಎಂದನಂತೆ ಹುಡುಗ.