ಅಮ್ಮನ ಮೊಳ, ಮಿಸ್ಸಿನ ಮೊಳ

ವಿದ್ಯೆ ಶುರುವಾಗುವುದು ‘ಅ’ದಿಂದ ಎಂದು ಊರಿಗೆ ಊರೇ ನಂಬಿಕೊಂಡಿರುವಾಗ, ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನ ಮಗು ಮನೆಗೆ ಹೋಗಿ ‘ರ ಗ ಸ ದ ಅ’ ಎಂದು ಒಪ್ಪಿಸಿದರೆ ಸುಮ್ಮನಿರುವವರು ಯಾರು? ಮರುದಿನ ಪ್ರಾರ್ಥನೆ ಮುಗಿಯುವುದರೊಳಗೆ ಅಜ್ಜಿಯೊಬ್ಬರು ಎಲೆ-ಅಡಿಕೆ ಚೀಲದ ಸಮೇತ ಹಾಜರಾದರು. “ಅಲ್ಲ ಕಣವ್ವಾ ಮೇಷ್ಟ್ರಮ್ಮ, ಅ ಆ ಇ ಈ ಎಲ್ಲೋಯ್ತು? ಸರ್ಕಾರದೋರು ಅದ್ನೂ ತಗ್ದಾಕ್‌ಬುಟ್ರಾ?” ರೇಷನ್ ಅಂಗಡಿಯಲ್ಲಿ ಒಂದೊಂದೇ ಸಾಮಾನು ಮಾಯವಾಗುವುದನ್ನು ಕಂಡವರು ಅವರು, ಅನುಮಾನ ನ್ಯಾಯವಾಗಿಯೇ ಇತ್ತು. “ಎಲ್ಲೂ ಹೋಗಿಲ್ಲ ಅಜ್ಜಿ, ಹಿಂದೆ ಬರ್ತಾವೆ” ಎಂದೆ. “ಮುಂದಿರೋದು ಯಾಕವ್ವ ಹಿಂದೆ ಬರ್ಬೇಕು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು. ತರಬೇತಿಯಲ್ಲಿ ಹೇಳಿಕೊಟ್ಟ ಉತ್ತರ ನನ್ನ ಬಾಯಲ್ಲೇ ಉಳಿಯಿತು: ಈ ಐದಕ್ಷರ ಬರೆಯಲು ಸುಲಭ, ಕೂಡಿಸಿದರೆ ಅಂದೇ ಪದ ಹುಟ್ಟುತ್ತದೆ.

ಹುಟ್ಟುವ ಪದಗಳು ಎಂಥವು ಎಂಬುದನ್ನು ಮಾತ್ರ ತರಬೇತಿಯಲ್ಲಿ ಯಾರೂ ಯೋಚಿಸಿದಂತೆ ಕಾಣಲಿಲ್ಲ. ಆ ಐದಕ್ಷರದ ರಾಜ್ಯದಲ್ಲಿ ಒಬ್ಬ ಅರಸ, ಒಬ್ಬ ಅಗಸ, ಇಬ್ಬರ ನಡುವೆ ಒಂದು ಗರಗಸ. ಅಮ್ಮ ಇಲ್ಲ, ಅನ್ನ ಇಲ್ಲ; ಒತ್ತಕ್ಷರ ಬರುವವರೆಗೆ ಎಲ್ಲರೂ ಉಪವಾಸ. ಕುಡಿಯಲು ರಸ ಉಂಟು, ಅದಕ್ಕೂ ದರ ಉಂಟು.

ಗರಗಸ ಎಂದರೇನು ಎಂದು ಕೇಳಿದ್ದಕ್ಕೆ ಬಡಗಿ ಮನೆಯ ಹುಡುಗನೊಬ್ಬ ಮಾತಾಡಲಿಲ್ಲ. ಮರುದಿನ ಬ್ಯಾಗಿನಿಂದ ಒಂದು ಮೊಳ ಹೊರಗೆ ಚಾಚಿಕೊಂಡಿದ್ದ ಟವೆಲ್ಲಿನ ಗಂಟನ್ನು ತಂದು ನನ್ನ ಮುಂದೆ ಬಿಚ್ಚಿದ. ತಾತನ ಗರಗಸ. ಎದೆ ಧಸಕ್ಕೆಂದಿತು. ಕಿತ್ತಿಟ್ಟುಬಿಡೋಣ ಎನ್ನುವಷ್ಟರಲ್ಲಿ ಮಕ್ಕಳೆಲ್ಲ ಸುತ್ತ ಕುಕ್ಕರಗಾಲಲ್ಲಿ ಕೂತಾಗಿತ್ತು. ಅವನು ಅದರ ಹಲ್ಲುಗಳನ್ನು ಒಂದು ಕಣ್ಣು ಮುಚ್ಚಿ ನೋಡಲು ಹೇಳಿಕೊಟ್ಟ. “ನೋಡಿ ಮಿಸ್, ಒಂದು ಹಲ್ಲು ಆ ಕಡೆ, ಒಂದು ಈ ಕಡೆ. ನೆಟ್ಟಗಿದ್ರೆ ಮರದೊಳಗೆ ಸಿಕ್ಕಾಕ್ಕತದೆ.” ಅಷ್ಟು ವರ್ಷ ಗರಗಸವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ, ಬರೆಸಿದ್ದೆ, ತಿದ್ದಿದ್ದೆ, ಅದರ ಹಲ್ಲು ಎಡಬಲಕ್ಕೆ ಬಾಗಿರುತ್ತದೆ ಎಂಬುದು ಅಂದು ಗೊತ್ತಾಯಿತು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅವನ ತಾತ ಬಂದು, ಅರ್ಧ ಕೊಯ್ದ ಬಾಗಿಲಿನ ಕಥೆ ಹೇಳಿ, ಗರಗಸವನ್ನೂ ಮೊಮ್ಮಗನ ಕಿವಿಯನ್ನೂ ಒಟ್ಟಿಗೆ ಹಿಡಿದುಕೊಂಡು ಹೋದರು.

‘ರ ಗ ಸ ದ ಅ’ದ ಈ ನಲಿ-ಕಲಿ ಪದ್ಧತಿ ಶುರುವಾದದ್ದು ನಮ್ಮ ಕಡೆಯೇ ಎಂಬುದು ನಮಗೆಲ್ಲ ಒಂದು ಸಣ್ಣ ಜಂಬ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ಋಷಿವ್ಯಾಲಿಯ ಸುತ್ತಲಿನ ಹಳ್ಳಿ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು. ಕೋಟೆ ತಾಲ್ಲೂಕೆಂದರೆ ಕಾಡಂಚು. ಹಾಡಿಯ ಮಕ್ಕಳು ಅಪ್ಪ-ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋದರೆ ವಾರಗಟ್ಟಲೆ ಇಲ್ಲ. ತಿರುಗಿ ಬರುವಷ್ಟರಲ್ಲಿ ಪಾಠ ಎಲ್ಲಿಗೋ ಹೋಗಿರುತ್ತಿತ್ತು, ಮಗು ಹಿಂದಿನ ಬೆಂಚಿಗೆ ಸರಿದು ಹಾಗೇ ಶಾಲೆಯಿಂದಲೂ ಸರಿದುಬಿಡುತ್ತಿತ್ತು. ಕಲಿಕಾ ಏಣಿ ಬಂದ ಮೇಲೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಾಯಿತು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಕೈಯಿಂದ ಕಲಿಸುವುದು ಅದಕ್ಕೂ ಹಳೆಯ ಆಸೆಯೇ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದ್ದು ಅದನ್ನೇ. ಕಾರಂತರು ಪುತ್ತೂರಿನ ಬಾಲವನದಲ್ಲಿ ಮಾಡಿನೋಡಿದ್ದೂ ಅದನ್ನೇ. ನಮ್ಮಪ್ಪ ಕ್ಲಾಸಿನಲ್ಲಿ ತಕಲಿ ತಿರುಗಿಸಿದವರು. ನೂಲು ಎಷ್ಟು ಬಂತೋ, ತಕಲಿಯನ್ನು ಬುಗುರಿ ಮಾಡಿಕೊಂಡು ಆಡಿದ ಕಥೆ ಮಾತ್ರ ಕೊನೆಯವರೆಗೂ ಹೇಳಿದರು.

ನಲಿ-ಕಲಿ ಕೊಠಡಿಯೊಳಗೆ ಟೀಚರ್ ಎಲ್ಲಿದ್ದಾರೆ ಎಂದು ಹುಡುಕಬೇಕು. ಒಂದು, ಎರಡು, ಮೂರನೇ ಕ್ಲಾಸಿನವರು ಬೆರೆತು ಗುಂಪುಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ಟೀಚರ ಪೂರ್ತಿ ಬೆಂಬಲ ಬೇಕಾದವರು ಒಂದು ಕಡೆ, ತಮ್ಮಷ್ಟಕ್ಕೆ ಕಲಿಯುವವರು ಇನ್ನೊಂದು ಕಡೆ, ನಡುವಿನವರಿಗೆ ಗೆಳೆಯರೇ ಗುರುಗಳು. ಈ ಗೆಳೆಯ-ಗುರುಗಳ ದರ್ಬಾರು ನೋಡಬೇಕು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಚಿಕ್ಕವರಿಗೆ ಕಾರ್ಡು ಓದಿಸುವಾಗ ಸೆರಗಿಲ್ಲದ ಭುಜದ ಮೇಲೆ ಸೆರಗು ಸರಿಮಾಡಿಕೊಂಡು, “ಎಷ್ಟ್ ಸಲ ಹೇಳೋದು ನಿಂಗೆ, ನಂಗೇನು ಬೇರೆ ಕೆಲಸ ಇಲ್ವಾ?” ಎಂದು ನಿಟ್ಟುಸಿರು ಬಿಟ್ಟಳು. ಅದು ಯಾರ ನಿಟ್ಟುಸಿರು ಎಂದು ಗೊತ್ತಾಗಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಗದ್ದಲದ ವಿಷಯ ಹೇಳುವುದೇ ಬೇಡ. ಪಕ್ಕದ ಐದನೇ ಕ್ಲಾಸಿನ ಮೇಷ್ಟ್ರು ಕಿಟಕಿಯಲ್ಲಿ ಮುಖ ತೋರಿಸಿ, “ಮೇಡಂ, ಪಾಠ ಶುರುವಾದಾಗ ಹೇಳಿ, ಆಗ ನಾನೂ ಶುರುಮಾಡ್ತೀನಿ” ಎನ್ನುತ್ತಿದ್ದರು.

ಎಣಿಕೆಗೆ ಮೊದಲು ಕಡಲೆಬೀಜ ಇಟ್ಟುಕೊಂಡಿದ್ದೆ. ಕಳೆಯುವ ಲೆಕ್ಕ ಅದ್ಭುತವಾಗಿ ನಡೆಯಿತು, ಕೂಡುವ ಲೆಕ್ಕಕ್ಕೆ ಏನೂ ಉಳಿಯಲಿಲ್ಲ. ಆಮೇಲೆ ಹುಣಸೆಬೀಜ. ಮನೆಮನೆಯಲ್ಲೂ ಹುಣಸೆಹಣ್ಣು ಬಿಡಿಸುವ ಕಾಲದಲ್ಲಿ ಮಕ್ಕಳು ಜೇಬು ತುಂಬ ತಂದು ಸುರಿದರು. ಹತ್ತು ಬೀಜ ಒಂದು ಗುಡ್ಡೆ, ಹತ್ತು ಗುಡ್ಡೆ ನೂರು. ಇದು ಕಾರ್ಡಿನಲ್ಲಿದ್ದದ್ದು. ಕಾರ್ಡಿನಲ್ಲಿ ಇಲ್ಲದ್ದು ಏನೆಂದರೆ, ಹುಣಸೆಬೀಜವನ್ನು ಸಿಮೆಂಟು ನೆಲಕ್ಕೆ ಗಸಗಸ ಉಜ್ಜಿದರೆ ಕಾದ ಕೆಂಡವಾಗುತ್ತದೆ. ಅದನ್ನು ಪಕ್ಕದವನ ತೊಡೆಗೆ ಮುಟ್ಟಿಸಿದರೆ ಅವನು “ಮಿಸ್ಸ್” ಎಂದು ಕೂಗಿ ಒಂದಡಿ ಮೇಲೆ ಹಾರುತ್ತಾನೆ. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂಬುದು ಹೈಸ್ಕೂಲಿನ ಪಾಠ. ನಮ್ಮವರು ಅದನ್ನು ಒಂದನೇ ಕ್ಲಾಸಿನಲ್ಲೇ, ಚಡ್ಡಿಯ ಅಂಚಿನ ಕೆಳಗೆ ಕಲಿತುಬಿಟ್ಟರು.

ಉಜ್ಜಿದ್ದು ವ್ಯರ್ಥವಾಗಲಿಲ್ಲ. ಒಂದು ಮಗ್ಗುಲು ಸವೆದು ಬೆಳ್ಳಗಾದ ಬೀಜವೆಂದರೆ ಚೌಕಾಬಾರದ ದಾಳ. ನೋಡನೋಡುತ್ತಿದ್ದಂತೆ ಸ್ವಕಲಿಕೆಯ ಗುಂಪು ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಆಟಕ್ಕೆ ಕೂತಿತು. ನಾಲ್ಕು ಬೀಜ ಎಸೆದಾಗ ನಾಲ್ಕೂ ಬಿಳಿ ಮೇಲೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು. ಏನೂ ಬೀಳದಿದ್ದವನಿಗೆ ಎಲ್ಲರಿಗಿಂತ ಹೆಚ್ಚು! ಈ ನ್ಯಾಯವನ್ನು ಯಾವ ಗಣಿತ ಪುಸ್ತಕವೂ ಒಪ್ಪುವುದಿಲ್ಲ, ಮಕ್ಕಳು ಮಾತ್ರ ಒಂದೇ ಒಂದು ಪ್ರಶ್ನೆ ಕೇಳದೆ ಒಪ್ಪಿದರು. ಬೆರಳು ಮಡಿಸಿ ಎಣಿಸುತ್ತಿದ್ದ ಹುಡುಗಿ ಕಾಯಿ ನಡೆಸುವಾಗ ಎಂಟು ಮನೆ ಮುಂದಿನ ಜಾಗಕ್ಕೆ ಎಣಿಸದೆ ಕೈ ಹಾಕುವುದನ್ನು ಕಂಡೆ. ತಪಾಸಣೆಗೆ ಬಂದ ಅಧಿಕಾರಿಗಳು “ಇದೇನ್ರೀ ಜೂಜು?” ಎಂದರು. “ಗಣಿತದ ಮೈಲಿಗಲ್ಲು ಸಾರ್” ಎಂದೆ. ಯಾವ ಮೈಲಿಗಲ್ಲು ಎಂದು ಅವರು ಕೇಳಲಿಲ್ಲ, ಪುಣ್ಯ.

ಅಳತೆಯ ಪಾಠ ಬಂದಾಗ ಬಾಗಿಲಿನ ಅಗಲವನ್ನು ಗೇಣಿನಲ್ಲಿ ಅಳೆಯಿರಿ ಎಂದೆ. ಎಲ್ಲರದ್ದೂ ಬೇರೆ ಬೇರೆ ಬರಬೇಕು, ಜಗಳವಾಗಬೇಕು, ಆಗ ನಾನು ಮೀಟರ್ ಸ್ಕೇಲ್ ಹಿಡಿದು ಅವತರಿಸಬೇಕು. ಇದು ಪಾಠದ ಯೋಜನೆ. ಜಗಳವೇನೋ ಆಯಿತು. ಮೊದಲು ಬಾಯಿಗೆ ಬೆರಳು ಹಾಕಿ ಒದ್ದೆ ಮಾಡಿಕೊಂಡು ಗೇಣು ಹಾಕಿದವನ ಬಾಗಿಲು ಎಲ್ಲರದ್ದಕ್ಕಿಂತ ಚಿಕ್ಕದಾಗಿತ್ತು, ಅವನ ಬೆರಳು ಅಷ್ಟು ಚೆನ್ನಾಗಿ ಜಾರಿತ್ತು. ಆದರೆ ಅವತಾರಕ್ಕೆ ಅಡ್ಡ ಬಂದದ್ದು ಹೂವಿನ ವ್ಯಾಪಾರದವರ ಮಗಳು. ಸಂತೆಯಲ್ಲಿ ಅವಳಮ್ಮ ಮೊಳ ಹಾಕಿ ಹೂ ಮಾರುವವರು. ಅವಳು ನನ್ನ ಕೈ ಹಿಡಿದು ಮೊಣಕೈಯಿಂದ ಬೆರಳ ತುದಿವರೆಗೆ ದಾರ ಹಿಡಿದಳು. ತನ್ನಮ್ಮನದ್ದನ್ನು ಮನೆಯಿಂದ ಅಳೆದು ತಂದಿದ್ದ ದಾರದ ಪಕ್ಕಕ್ಕಿಟ್ಟಳು. ನಾಲ್ಕು ಬೆರಳು ವ್ಯತ್ಯಾಸ. “ನಿಮ್ ಮೊಳ ಉದ್ದ ಮಿಸ್. ನೀವು ಹೂ ಮಾರಿದ್ರೆ ಲಾಸು. ನಮ್ಮಮ್ಮ ಕುಳ್ಳಿ, ಅದಕ್ಕೇ ನಮ್ಗೆ ಲಾಭ.” ಹಾಗಾದರೆ ಎಲ್ಲರೂ ಮೀಟರಿನಲ್ಲೇ ಮಾರಿದರೆ ಒಳ್ಳೆಯದಲ್ಲವೇ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಕೊಳ್ಳೋರಿಗೆ ಒಳ್ಳೇದು” ಎಂದಳು. ಅಳತೆಗೂ ವ್ಯಾಪಾರಕ್ಕೂ ಇರುವ ಸಂಬಂಧವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಅಂದಿನಿಂದ ಹೂ ಕೊಳ್ಳುವಾಗ ಮಾರುವವರ ಮೊಣಕೈ ನೋಡುವ ಚಾಳಿ ನನಗೆ ಅಂಟಿದೆ.

ಲೀಟರಿನ ಪಾಠವನ್ನು ಹೆಚ್ಚು ಹೇಳುವಂತಿಲ್ಲ. ಬಕೆಟ್ಟಿನಿಂದ ಬಾಟಲಿಗೆ ನೀರು ಸುರಿಯುತ್ತಾ ಒಬ್ಬ, ಡೈರಿಗೆ ಹಾಲು ಹಾಕುವ ಮುನ್ನ ತನ್ನ ಮನೆಯಲ್ಲಿ ನಡೆಯುವ ಪ್ರಯೋಗವನ್ನು ಅಳತೆ ಸಮೇತ ವಿವರಿಸತೊಡಗಿದ. ನಾನು ಗಂಟೆ ಬಾರಿಸಿಬಿಟ್ಟೆ.

ಮಣ್ಣಿನ ಕೆಲಸದ ದಿನ ಕೆರೆಯಿಂದ ಜೇಡಿಮಣ್ಣು ತಂದು ನಾದಿ ಕೊಡುತ್ತಿದ್ದೆ. ಗೋಳ ಮಾಡಿ ಎಂದರೆ ಮುದ್ದೆ ಬರುತ್ತಿತ್ತು, ಜೊತೆಗೆ ಕೇಳದಿದ್ದರೂ ಒಂದು ತಟ್ಟೆ, ನಡುವೆ ಸಾರಿಗೆ ಗುಳಿ. ಬೇರೇನು ಮಾಡಹೊರಟರೂ ಸೊಂಡಿಲು ಮೂಡಿ ಗಣೇಶನಾಗುತ್ತಿತ್ತು. ಉಗುರಿನೊಳಗೆ ಮಣ್ಣು, ಮೂಗಿನ ಮೇಲೆ ಮಣ್ಣು, ನನ್ನ ಸೀರೆಯ ನೆರಿಗೆಗೆ ಐದೈದು ಬೆರಳಿನ ಗುರುತು. ಒಬ್ಬನ ಮುದ್ದೆಯ ಮೇಲೆ ಹೆಬ್ಬೆರಳಿನ ಗೆರೆಗಳು ಎಷ್ಟು ಸ್ಪಷ್ಟವಾಗಿ ಮೂಡಿದ್ದವೆಂದರೆ, ಅದನ್ನು ಒಣಗಿಸಿ ಬಹಳ ಕಾಲ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ದೊಡ್ಡ ಮಕ್ಕಳಿಗೆ ಮಕ್ಕಳ ಸಂತೆ. ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿ ಸೊಪ್ಪು, ನಿಂಬೆಹಣ್ಣು, ಕಡಲೆಪುರಿ, ಯಾರದ್ದೋ ಹಿತ್ತಿಲಿನ ಪರಂಗಿ. ಊರವರೇ ಗಿರಾಕಿಗಳು. ನಾಲ್ಕನೇ ಕ್ಲಾಸಿನ ಒಬ್ಬ ಸಬ್ಬಸಿಗೆ ಸೊಪ್ಪು ಇಟ್ಟುಕೊಂಡಿದ್ದ, ಕಟ್ಟಿಗೆ ಆರು ರೂಪಾಯಿ. ಹಿಂದಿನ ದಿನವಷ್ಟೇ ಅವನ ನೋಟ್‌ಬುಕ್ಕಿನಲ್ಲಿ 50ರಿಂದ 18 ಕಳೆದದ್ದಕ್ಕೆ 48 ಎಂದು ಬರೆದಿದ್ದನ್ನು ಕೆಂಪು ಶಾಯಿಯಲ್ಲಿ ಸುತ್ತಿದ್ದೆ. ಸೊನ್ನೆಯಿಂದ ಎಂಟು ಹೋಗದಿದ್ದರೆ ಏನಂತೆ, ಎಂಟರಿಂದ ಸೊನ್ನೆ ಹೋಗುತ್ತದಲ್ಲ, ಅದು ಅವನ ಧಾರಾಳ. ಬೇಕೆಂದೇ ಮೂರು ಕಟ್ಟು ಕೊಂಡು ಐವತ್ತರ ನೋಟು ಕೊಟ್ಟೆ. ಅವನು ಮೇಲೆ ಕೆಳಗೆ ನೋಡಲಿಲ್ಲ. ಎರಡು ರೂಪಾಯಿ ನಾಣ್ಯ ನನ್ನ ಅಂಗೈಗಿಟ್ಟು “ಇಪ್ಪತ್ತು” ಎಂದ, ಹತ್ತರ ಮೂರು ನೋಟು ಒಂದೊಂದಾಗಿ ಹಾಕುತ್ತಾ “ಮೂವತ್ತು, ನಲವತ್ತು, ಐವತ್ತು” ಎಂದ. ನೋಟ್‌ಬುಕ್ಕಿನ ಲೆಕ್ಕವೂ ಇದೇ ಕಣೋ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. “ಅದ್ರಲ್ಲಿ ಸೊಪ್ಪೆಲ್ಲೈತೆ ಮಿಸ್?” ನಮ್ಮ ಎಚ್ಚೆಮ್ಮು ಎರಡು ಕಟ್ಟಿಗೆ ಹತ್ತು ರೂಪಾಯಿ ಮಾಡಿಕೊಳ್ಳಲು ಬಹಳ ಚೌಕಾಸಿ ಮಾಡಿದರು. “ಆಗಾಕಿಲ್ಲ ಸಾರ್, ಬೇಕಾದ್ರೆ ಕರಿಬೇವು ಸುಮ್ನೆ ಹಾಕ್ತೀನಿ” ಎಂದು, ಪಕ್ಕದ ಹುಡುಗಿಯ ರಾಶಿಯಿಂದ ಎರಡು ಎಸಳು ಕಿತ್ತು ಹಾಕಿದ. ವ್ಯಾಪಾರ ಕಲಿತದ್ದು ಎಷ್ಟರ ಮಟ್ಟಿಗೆ ಎಂಬುದಕ್ಕೆ ಬೇರೆ ಮೌಲ್ಯಮಾಪನ ಬೇಕಾಗಲಿಲ್ಲ.

ಈಗ ಊರಿನ ಮಕ್ಕಳಲ್ಲಿ ಅರ್ಧದಷ್ಟು ಜನ ಹಳದಿ ವ್ಯಾನಿನಲ್ಲಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಾರೆ. ಅವರ ಕುತ್ತಿಗೆಗೆ ಟೈ, ಉಗುರಿನೊಳಗೆ ಏನೂ ಇಲ್ಲ. ತಪ್ಪು ಎಂದು ಹೇಳಲಾರೆ. ನನ್ನ ಮೊಮ್ಮಗಳೂ ಅಂಥದೇ ಒಂದರಲ್ಲಿ ಓದುತ್ತಾಳೆ. ಅವಳಿಗೆ ಶಾಲೆಯಿಂದ ‘ಆಕ್ಟಿವಿಟಿ ಕಿಟ್’ ಕೊಡುತ್ತಾರೆ. ಬಣ್ಣಬಣ್ಣದ ಮೇಣದಂಥ ಮಣ್ಣು, ಹುಳಿ ವಾಸನೆಯಿಲ್ಲ, ಕೈಗೆ ಅಂಟುವುದಿಲ್ಲ, ಕೆರೆಯಲ್ಲಿ ಹುಟ್ಟಿದ್ದೂ ಅಲ್ಲ. ಎಣಿಸಲು ಪ್ಲಾಸ್ಟಿಕ್ಕಿನ ಮಣಿಗಳು, ನೂರೆಂದರೆ ನೂರೇ. ಅವನ್ನು ನೆಲಕ್ಕೆ ಉಜ್ಜಿ ನೋಡಿದೆ, ಕಾಯುತ್ತದೆಯೋ ಎಂದು. ಬಣ್ಣ ಹೋಯಿತು. “ಅಜ್ಜೀ, ಯಾಕೆ ಹಾಳ್ಮಾಡ್ತೀಯಾ?” ಎಂದು ಬೈಸಿಕೊಂಡೆ. ಹುಣಸೆಬೀಜ ಹುಡುಕಲು ಹೋದರೆ ಮನೆಯಲ್ಲಿರುವುದು ಬೀಜ ತೆಗೆದ ಪೊಟ್ಟಣದ ಹುಣಸೆಹಣ್ಣು.

ನಾನು ನಿವೃತ್ತಳಾದಾಗ ಚಾರ್ಜ್ ಕೊಡುವುದಿತ್ತಲ್ಲ. ನನ್ನ ಜಾಗಕ್ಕೆ ಬಂದವರು ಎಳೆಯ ವಯಸ್ಸಿನ, ಬಹಳ ಅಚ್ಚುಕಟ್ಟಿನ ಮೇಷ್ಟ್ರು. ದಾಸ್ತಾನು ವಹಿ ತೆರೆದು ಒಂದೊಂದನ್ನೇ ಟಿಕ್ ಹಾಕಿಕೊಂಡರು: ದುಂಡು ಮೇಜು, ಕಾರ್ಡುಗಳ ಸೆಟ್ಟು, ಮೀಟರ್ ಸ್ಕೇಲು, ತಕ್ಕಡಿ. ಬೀಜದ ಡಬ್ಬಿಯ ಮುಂದೆ ಪೆನ್ನು ನಿಂತಿತು. “ಮೇಡಂ, ಇದು ಎಷ್ಟು ಅಂತ ಬರೆಯೋದು?” ಎಣಿಸಿಬಿಡೋಣ ಎಂದು ಮೂರನೇ ಕ್ಲಾಸಿನವರನ್ನು ಕೂರಿಸಿದೆವು. ಹತ್ತರ ಗುಡ್ಡೆ, ನೂರರ ಗುಡ್ಡೆ. ಮೂರು ಗುಂಪು ಎಣಿಸಿ ಮೂರು ಮೊತ್ತ ಕೊಟ್ಟಿತು. ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಿರುವಾಗ ಒಬ್ಬ ಎದ್ದುನಿಂತ.

“ಬರ್ಕೊಳಿ ಸಾರ್, ನಾಲ್ಕು ಕಮ್ಮಿ.”

“ಎಷ್ಟಕ್ಕೆ ನಾಲ್ಕು ಕಮ್ಮಿ?”

“ಅದ್ ಗೊತ್ತಿಲ್ಲ ಸಾರ್. ನಾಲ್ಕು ನಮ್ಮತ್ರ ಐತೆ.”

ಮೇಷ್ಟ್ರು ನನ್ನ ಮುಖ ನೋಡಿದರು. ‘ಡಬ್ಬಿ 1’ ಎಂದು ಬರೆಸಿ ಸಹಿ ಹಾಕಿದೆ.