ಅಲುಗಿದ ಚಕ್ರ

ನಮ್ಮ ಹಳೆಯ ಮೋಟಾರುಗಾಡಿಯ ಮುಂದಿನ ಎಡಚಕ್ರದ ಬೇರಿಂಗನ್ನು ಮಗನು ಅಂಗಳದಲ್ಲಿಯೇ ಬದಲಿಸಿದನು. ಮರುದಿನ ಅವನು ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವಾಗ, ವೇಗವು ೪೦ ಕಿಲೋಮೀಟರು ದಾಟುತ್ತಲೇ ಸ್ಟಿಯರಿಂಗು ನಡುಗಿತಂತೆ. ಚಕ್ರದ ನಟ್ಟುಗಳೇನೋ ಬಿಗಿಯಾಗಿದ್ದವು. ಗಾಡಿಯನ್ನೆತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದೆವು; ಟಕಟಕ ಸದ್ದಾಯಿತು. ಎಡಬಲಗಳಲ್ಲಿ ಹಿಡಿದಾಗಲೂ ಅದೇ. ಎಡಬಲಕ್ಕೆ ಮಾತ್ರ ಆಡಿದ್ದರೆ ಸ್ಟಿಯರಿಂಗಿನ ಕೀಲುಗಳನ್ನು ಶಂಕಿಸಬೇಕಾಗಿತ್ತು. ಸೊಸೆಯು ಬ್ರೇಕನ್ನು ತುಳಿದಳು, ಅಲುಗಾಟ ನಿಂತಿತು. ತರ್ಕಶಾಸ್ತ್ರದವರ ಅನ್ವಯವ್ಯತಿರೇಕಗಳೆಂದರೆ ಇವೇ! ದೋಷವು ಬೇರಿಂಗಿನ ಕಡೆಯದೇ. ನಡುವಣ ದೊಡ್ಡ ನಟ್ಟನ್ನು ಮಗನು ಟಾರ್ಕ್ ಸ್ಪ್ಯಾನರಿಲ್ಲದೆ ಕೈಯಂದಾಜಿನಲ್ಲಿ ಬಿಗಿದಿದ್ದನು. ಸಡಿಲವಾಗಿ ಓಡಿದುದನ್ನು ನಂಬಲಾರದೆ ಇನ್ನೊಂದು ಬೇರಿಂಗನ್ನು ತರಿಸಿದೆವು. ಆ ಬೆಳಿಗ್ಗೆ ಗಾಡಿಯಲ್ಲಿ ಯಾರು ಕುಳಿತಿದ್ದರೆಂಬುದನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ.