ಸೋತವನು ಒಪ್ಕೊಂಡನಾ?

2008ರ ನವೆಂಬರ್ 4, ಮಂಗಳವಾರ. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಯ ದಿನ. ಶಿಕಾಗೊದಲ್ಲಿ ಆ ಹೊತ್ತಿಗೆ ಮೈ ಕೊರೆಯುವ ಚಳಿ ಬಿದ್ದಿರಬೇಕಿತ್ತು. ಆ ದಿನ ಮಾತ್ರ ರಾತ್ರಿಯಾದರೂ ಒಂದು ತೆಳು ಸ್ವೆಟರ್ ಸಾಕೆನಿಸುವಂಥ ಹವೆ. ಕೆಲಸ ಮುಗಿಸಿದವರೆಲ್ಲ ಮಿಷಿಗನ್ ಅವೆನ್ಯೂ ಹಿಡಿದು ಗ್ರ್ಯಾಂಟ್ ಪಾರ್ಕಿನತ್ತ ನಡೆದಿದ್ದರು. ನನಗೆ ಆ ದೇಶದಲ್ಲಿ ಓಟಿಲ್ಲ, ಎಚ್-ಒನ್-ಬಿ ವೀಸಾದ ಮೇಲೆ ಹೋದವನು. ಬರಾಕ್ ಒಬಾಮ ಮಾತಾಡಲಿದ್ದ ವೇದಿಕೆಯ ಹತ್ತಿರಕ್ಕೆ ಬಿಡಲು ಬೇಕಾದ ಟಿಕೆಟ್ಟೂ ಇರಲಿಲ್ಲ. ಆದರೂ ಊರಿಗೆ ಊರೇ ಜಾತ್ರೆಗೆ ಹೊರಟಂತಿರುವಾಗ ಮನೆಯಲ್ಲಿ ಕೂರುವುದು ಹೇಗೆ?

ಶಿಕಾಗೊ ಅಂಥ ಮೆದು ಊರೇನಲ್ಲ. ಕಪ್ಪು ಜನರಿಗೂ ಎಲ್ಲ ಬಡಾವಣೆಗಳಲ್ಲಿ ಮನೆ ಸಿಗಬೇಕು ಎಂದು 1966ರಲ್ಲಿ ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಇಲ್ಲೇ ಕಲ್ಲೇಟು ಬಿದ್ದಿತ್ತು. 1968ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕೂಗಿದವರಿಗೆ ಪೊಲೀಸರು ಲಾಠಿ ಬೀಸಿದ್ದು ಇದೇ ಗ್ರ್ಯಾಂಟ್ ಪಾರ್ಕಿನಲ್ಲಿ. ಈ ಸಲವೂ ಭಯ ಪೂರ್ತಿ ಹೋಗಿರಲಿಲ್ಲ. ವೇದಿಕೆಯ ಎರಡೂ ಪಕ್ಕಕ್ಕೆ ಗುಂಡು ತೂರದ ದಪ್ಪ ಗಾಜು ನಿಲ್ಲಿಸಿದ್ದರು.

ನನ್ನ ಪಕ್ಕದಲ್ಲಿ ನಿಂತಿದ್ದವನು ಸಿಟಿ ಬಸ್ಸಿನ ಡ್ರೈವರ್. ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದ ಕಪ್ಪು ಮನುಷ್ಯ, ನಲವತ್ತು ದಾಟಿದ ವಯಸ್ಸು. ಪಶ್ಚಿಮ ಕರಾವಳಿಯ ರಾಜ್ಯಗಳಲ್ಲಿ ಮತದಾನ ಮುಗಿಯಿತೋ ಇಲ್ಲವೋ, ಸರಿಯಾಗಿ ಹತ್ತು ಗಂಟೆಗೆ ದೊಡ್ಡ ಪರದೆಯ ಮೇಲೆ ಒಬಾಮ ಗೆದ್ದರೆಂಬ ಸುದ್ದಿ ಬಂತು. 2 ಲಕ್ಷಕ್ಕೂ ಮೀರಿದ ಜನ ಒಮ್ಮೆಲೇ ಕೂಗಿದರು. ಗುರುತಿಲ್ಲದವರು ಗುರುತಿಲ್ಲದವರನ್ನು ತಬ್ಬಿಕೊಂಡರು. ಕಿಂಗ್ ಅವರ ಜೊತೆಗಾರರಾಗಿದ್ದ ಜೆಸ್ಸಿ ಜಾಕ್ಸನ್ ಜನರ ನಡುವೆ ನಿಂತು ಅಳುತ್ತಿದ್ದುದನ್ನು ಆಮೇಲೆ ಲೋಕವೆಲ್ಲ ಟಿವಿಯಲ್ಲಿ ನೋಡಿತು.

ಡ್ರೈವರ್ ಮಾತ್ರ ಜೇಬಿನಿಂದ ಫೋನ್ ತೆಗೆದು ತಾಯಿಗೆ ಹಚ್ಚಿದ. ಸದ್ದು ಕೇಳಲೆಂದು ಫೋನನ್ನು ತಲೆಯ ಮೇಲೆತ್ತಿ ಹಿಡಿದ. ಮತ್ತೆ ಕಿವಿಗಿಟ್ಟುಕೊಂಡವನ ಮುಖದಲ್ಲಿ ನಗು. “ಏನಂತಾರೆ?” ಅಂದೆ.

“ನಂಬ್ತಾ ಇಲ್ಲ. ಟಿವಿಯವರು ಹೇಳಿದ್ರೆ ಆಗ್ಲಿಲ್ಲ, ಆ ಸೋತವನು ಒಪ್ಕೊಂಡನಾ ಕೇಳು ಅಂತಾಳೆ.”

ಆಕೆ ಮಿಸಿಸಿಪ್ಪಿಯವಳಂತೆ. ಹರೆಯದಲ್ಲಿ ರೈಲು ಹತ್ತಿ ಶಿಕಾಗೊಗೆ ಬಂದವಳು. ಅವಳ ಊರಿನಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದರೆ ಸಂವಿಧಾನದ ಯಾವುದೋ ಕಲಮನ್ನು ಮುಂದಿಟ್ಟು ಅರ್ಥ ಹೇಳು ಅನ್ನುತ್ತಿದ್ದರು. ಹೇಳಿದ್ದು ಸರಿಯೋ ತಪ್ಪೋ ತೀರ್ಮಾನಿಸುವವನು ಕಚೇರಿಯ ಬಿಳಿಯ ಅಧಿಕಾರಿ. 1965ರ ಮತದಾನ ಹಕ್ಕು ಕಾನೂನು ಬರುವವರೆಗೂ ಇದೇ ಆಟ. ಅಂಥವಳಿಗೆ ಬರೀ ಎಣಿಕೆಯ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ?

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಸೋತ ಅಭ್ಯರ್ಥಿ ಜಾನ್ ಮೆಕೇನ್ ಬಂದರು. ಫೀನಿಕ್ಸ್‌ನ ಹೋಟೆಲೊಂದರ ಅಂಗಳ. ಒಬಾಮ ಹೆಸರೆತ್ತಿದ ಕೂಡಲೇ ಅವರ ಕಡೆಯ ಜನ ಗೇಲಿ ಮಾಡಿ ಕೂಗಿದರು. ಮೆಕೇನ್ ಎರಡೂ ಕೈ ಎತ್ತಿ ತಡೆದರು. 1901ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಕಪ್ಪು ಜನಾಂಗದ ನಾಯಕ ಬುಕರ್ ವಾಷಿಂಗ್ಟನ್‌ರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದಾಗ ದೇಶದಲ್ಲಿ ಎದ್ದ ಗದ್ದಲವನ್ನು ನೆನೆದರು. ಒಬಾಮರನ್ನು ಸಾಕಿ ಬೆಳೆಸಿದ ಅಜ್ಜಿ ಗೆಲುವು ನೋಡದೆ ತೀರಿಕೊಂಡಿದ್ದಕ್ಕೆ ಸಂತಾಪ ಹೇಳಿದರು. ನಿನ್ನೆಯವರೆಗಿನ ಎದುರಾಳಿ ಇನ್ನು ನನ್ನ ಅಧ್ಯಕ್ಷ ಎಂದರು. ನಮ್ಮ ಸುತ್ತಲಿನವರು ಚಪ್ಪಾಳೆ ತಟ್ಟಿದರು. ಡ್ರೈವರ್ ಅಷ್ಟು ಹೊತ್ತೂ ಫೋನನ್ನು ಎತ್ತಿ ಹಿಡಿದೇ ಇದ್ದ. ಕೊನೆಗೆ ಕಿವಿಗಿಟ್ಟುಕೊಂಡು, “ಈಗ ಅಳ್ತಿದ್ದಾಳೆ” ಅಂದ.

ನಾನೂ ತಿಪಟೂರಿಗೆ ಫೋನ್ ಮಾಡಿದೆ. ಅಲ್ಲಿ ಬುಧವಾರ ಬೆಳಗಿನ ಹತ್ತು ಗಂಟೆ. ಅಪ್ಪ ಮಂಡಿಗೆ ಹೊರಟು ನಿಂತಿದ್ದರು. ಇಷ್ಟು ಜನ, ಹೀಗೆ ಹೀಗೆ ಎಂದು ನಾನು ಒಂದೇ ಉಸಿರಿಗೆ ಹೇಳುತ್ತಿದ್ದರೆ, “ಎಲ್ಲಾ ಸರಿ ಕಣಪ್ಪಾ, ನಿನ್ನ ಕೆಲ್ಸಕ್ಕೇನೂ ತೊಂದ್ರೆ ಇಲ್ವಲ್ಲ?” ಅಂದರು. ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ತಂಗಿಯನ್ನು ಪ್ರಾಜೆಕ್ಟಿಲ್ಲದೆ ಬೆಂಚ್ ಮೇಲೆ ಕೂರಿಸಿದ್ದರು. ಕೆಲಸಗಳನ್ನು ಹೊರದೇಶಕ್ಕೆ ಸಾಗಿಸುವ ಕಂಪನಿಗಳ ತೆರಿಗೆ ರಿಯಾಯಿತಿ ನಿಲ್ಲಿಸುತ್ತೇನೆ ಎಂದು ಒಬಾಮ ಪ್ರಚಾರದುದ್ದಕ್ಕೂ ಹೇಳಿದ್ದನ್ನು ಅಪ್ಪ ಪೇಪರಿನಲ್ಲಿ ಓದಿದ್ದರು.

ಮರುದಿನದಿಂದ ದೇಶದೇಶಗಳ ಸುದ್ದಿ ಬರತೊಡಗಿತು. ಕೀನ್ಯಾದ ಅಧ್ಯಕ್ಷ ಮ್ವಾಯ್ ಕಿಬಾಕಿ ನವೆಂಬರ್ 6ರಂದು ಸಾರ್ವಜನಿಕ ರಜೆ ಕೊಟ್ಟರು. ಒಬಾಮರ ತಂದೆಯ ಹಳ್ಳಿ, ಲುವೊ ಜನರ ಕೊಗೆಲೊದಲ್ಲಿ ಕುಣಿತವೋ ಕುಣಿತ. ಆದರೆ ಆ ವರ್ಷದ ಆರಂಭದಲ್ಲಷ್ಟೇ ಕೀನ್ಯಾದ ಸ್ವಂತ ಚುನಾವಣೆಯ ಫಲಿತಾಂಶದ ಜಗಳಕ್ಕೆ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಲುವೊ ಬುಡಕಟ್ಟಿನವನೊಬ್ಬ ಕೀನ್ಯಾಕ್ಕಿಂತ ಮೊದಲು ಅಮೆರಿಕದ ಅಧ್ಯಕ್ಷನಾದ ಎಂದು ಅಲ್ಲಿನವರೇ ತಮಾಷೆ ಮಾಡುತ್ತಿದ್ದರು. ನಗುವಿನೊಳಗೆ ನೋವೂ ಇತ್ತು. ಜಪಾನಿನಲ್ಲಿ ಒಬಾಮ ಎಂಬ ಹೆಸರಿನದೇ ಒಂದು ಊರಿದೆ, ಅಲ್ಲಿಯವರು ಹವಾಯಿಯ ಹುಲಾ ಕುಣಿತ ಕುಣಿದರು. ಇಟಲಿಯ ಪ್ರಧಾನಿ ಬೆರ್ಲುಸ್ಕೋನಿ ಹೊಸ ಅಧ್ಯಕ್ಷನ ಮೈಬಣ್ಣದ ಬಗ್ಗೆ ಚೇಷ್ಟೆ ಮಾಡಿ ಲೋಕದಿಂದ ಉಗಿಸಿಕೊಂಡರು. ರಷ್ಯಾದ ಮೆಡ್ವೆಡೆವ್ ಕಲಿನಿನ್‌ಗ್ರಾಡ್‌ನಲ್ಲಿ ಕ್ಷಿಪಣಿ ಇಡುತ್ತೇವೆಂದು ಅದೇ ಬುಧವಾರ ಗುಡುಗಿದರು. ಇರಾನಿನ ಅಹ್ಮದಿನೆಜಾದ್ ಅಭಿನಂದನೆಯ ಪತ್ರ ಬರೆದರು.

ಅಮೆರಿಕದೊಳಗೂ ಎಲ್ಲರೂ ಕುಣಿಯಲಿಲ್ಲ. ಸುಮಾರು 6 ಕೋಟಿ ಜನ ಮೆಕೇನ್‌ಗೆ ಓಟು ಹಾಕಿದ್ದರು. ಅದೇ ದಿನ ಕ್ಯಾಲಿಫೋರ್ನಿಯಾದ ಮತದಾರರು ಸಲಿಂಗ ವಿವಾಹ ಬೇಡವೆಂದು ತೀರ್ಪು ಕೊಟ್ಟಿದ್ದರು. ಒಂದು ಕಡೆ ನೆನಪಿಗೆ ಎತ್ತಿಡಲು ಜನ ಪೇಪರ್‌ಗಾಗಿ ಸಾಲು ನಿಂತು, ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕಬೇಕಾಯಿತು. ಇನ್ನೊಂದು ಕಡೆ, ಕಾನೂನು ಬಿಗಿಯಾಗುತ್ತದೆ ಎಂಬ ಅಂಜಿಕೆಗೆ ಬಂದೂಕಿನ ವ್ಯಾಪಾರ ಏರಿತು.

ಅಪ್ಪನ ಲೆಕ್ಕವೇನೂ ಹುಸಿಯಾಗಲಿಲ್ಲ. 2009ರ ಮೇ ತಿಂಗಳಲ್ಲಿ ಒಬಾಮ, ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಕೆಲಸ ಕೊಟ್ಟವನಿಗಿಂತ ಬೆಂಗಳೂರಿನಲ್ಲಿ ಕೊಟ್ಟವನಿಗೆ ತೆರಿಗೆ ಕಡಿಮೆ ಬೀಳುತ್ತದೆ ಎಂದು ದೂರಿದರು. ಆ ದಿನ ಅಪ್ಪ ತಾವೇ ಫೋನ್ ಮಾಡಿ, “ನೋಡಿದ್ಯಾ, ನಮ್ಮೂರ ಹೆಸರು ಹಿಡ್ದೇ ಹೇಳ್ಬಿಟ್ಟ!” ಅಂದರು. ದನಿಯಲ್ಲಿ ಆತಂಕ ಅರ್ಧ, ಹೆಮ್ಮೆ ಅರ್ಧ.

ಡ್ರೈವರನ ತಾಯಿ ಕೇಳಿದ ಪ್ರಶ್ನೆಯ ತೂಕ ತಿಳಿಯಲು ನನಗೆ ಇನ್ನೂ ಹಲವು ವರ್ಷ ಬೇಕಾಯಿತು. 2020ರಲ್ಲಿ ಸೋತ ಡೊನಾಲ್ಡ್ ಟ್ರಂಪ್ ಸೋಲೊಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಕ್ಯಾಪಿಟಲ್ ಕಟ್ಟಡದ ಕಿಟಕಿ ಒಡೆದು ನುಗ್ಗಿದ್ದನ್ನು ಬೆಂಗಳೂರಿನ ಮನೆಯಲ್ಲಿ ಕೂತು ನೋಡಿದೆ. ಎಣಿಕೆ ಮುಗಿದರೂ ಚುನಾವಣೆ ಮುಗಿದಿರಲಿಲ್ಲ. ಓಟಿಗಾಗಿ ಬಾಗಿಲು ಬಡಿದು ಬರಿಗೈಲಿ ವಾಪಸಾದ ಊರಿನವಳಿಗೆ ಈ ವಿಷಯ ಮೊದಲೇ ಗೊತ್ತಿತ್ತು.

ತಂಗಿಯ ಮಗಳು ಆಗಾಗ ಕೇಳುತ್ತಾಳೆ, “ಮಾವ, ಒಬಾಮನ್ನ ಕಣ್ಣಾರೆ ನೋಡಿದ್ಯಾ?”

“ಎಲ್ಲಿ ಬಂತು, ಪರದೆ ಮೇಲೆ ನೋಡಿದ್ದು. ಆದ್ರೆ ಅವತ್ತು ಸೋತೋರು ಏನ್ ಮಾತಾಡಿದ್ರು ಅಂತ ಹೇಳ್ತೀನಿ, ಕೂತ್ಕೋ.”